ಒಗೆಯುವ ಕಲ್ಲಿಗೂ ಪ್ರದಕ್ಷಿಣೆ

ಬೀಜಾಡಿ
12-10-1998

ಉಮಾನಾಥ ಮಾವನಿಗೆ ಅಮಿತಾಳ ನಮಸ್ಕಾರ.

ಮದುವೆಗೆ ನೀವು ಕಳಿಸಿದ ಗೋಡೆ ಗಡಿಯಾರಕ್ಕೆ ಒಂದು ಸಾಲು ಉತ್ತರ ಬರೆಯದವಳು ಐದು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ ಅಂದರೆ ಏನೋ ಕೆಲಸ ಬಿದ್ದಿದೆ ಅಂತ ನಿಮಗೆ ಗೊತ್ತಾಗಿರುತ್ತದೆ. ಬಿದ್ದಿದೆ.

ಕೋಟೇಶ್ವರದ ಬಾಡಿಗೆ ಮನೆ ಬಿಟ್ಟು ಬೀಜಾಡಿಯಲ್ಲಿ ಸ್ವಂತ ಮನೆಗೆ ಬಂದು ನಾಲ್ಕು ತಿಂಗಳಾಯಿತು. ಇವರು ಬೆಳಿಗ್ಗೆ ಕುಂದಾಪುರದ ಹೋಟೆಲಿಗೆ ಹೋದರೆ ಬರುವುದು ರಾತ್ರಿ ಊಟದ ಹೊತ್ತಿಗೆ. ಮನೆಯಲ್ಲಿ ಅತ್ತೆ ಸರಸಮ್ಮ, ನಾನು, ನನ್ನ ಮಗಳು ನವ್ಯಾ. ಡಿಸೆಂಬರಿಗೆ ಅವಳಿಗೆ ಮೂರು ತುಂಬುತ್ತದೆ. ಮನೆಯ ಹಿಂದೆ ಹನ್ನೊಂದು ಸೆಂಟ್ಸ್ ಹಿತ್ತಿಲಿದೆ. ಅದನ್ನು ಮಗು ಆಡುವಂಥ ತೋಟ ಮಾಡಬೇಕು ಅಂತ ನನ್ನ ಆಸೆ. ಆಸೆ ಅಂದದ್ದು ಅರ್ಧ ಸುಳ್ಳು. ಹೆದರಿಕೆ.

ಬಾವಿಗೆ ಕಟ್ಟೆ ಇದೆ, ಆದರೆ ನನ್ನ ಸೊಂಟದಷ್ಟೇ. ಐದು ತೆಂಗಿನ ಮರ. ಯಾವ ಕಾಯಿ ಯಾವಾಗ ಬೀಳುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಅತ್ತೆ ಪೂಜೆಗೆ ನೆಟ್ಟ ಕಣಗಿಲೆ ಇದೆ, ಅದರ ಎಲೆ ಕಾಂಡ ಎಲ್ಲ ವಿಷ ಅಂತ ಓದಿದ ನೆನಪು. ಬೇಲಿಯಾಚೆ ದಾರಿ, ದಾರಿಯಾಚೆ ಸಮುದ್ರ. ಮಲಗಿದರೆ ಇವೆಲ್ಲ ಸಾಲಾಗಿ ನಿಂತು ಹಾಜರಿ ಕೊಡುತ್ತವೆ. ನನಗೆ ಸರಿ ನಿದ್ದೆ ಬಂದು ವರ್ಷದ ಮೇಲಾಯಿತು ಮಾವ. ಇವರಿಗೆ ಹೇಳಿಲ್ಲ.

ಮೊನ್ನೆ ಬ್ರಹ್ಮಾವರಕ್ಕೆ ಹೋದಾಗ ಅಮ್ಮ ಹೇಳಿದಳು, “ಬೊಂಬಾಯಗೆ ಉಮಾನಾಥ ಮಕ್ಳ್ ಗಾರ್ಡನ್ನಿಗೇ ಸೂಪರ್‌ವೈಜರ್ ಅಲ್ದಾ? ಊರಿಡೀ ಕೇಂತಿ, ಅವ್ನನ್ ಕೇಂಬುಕೆ ಎಂತ ನಾಚ್ಕಿ?” ಅದಕ್ಕೇ ಬರೆಯುತ್ತಿದ್ದೇನೆ. ಬಿಎಸ್ಸಿಯಲ್ಲಿ ಕಲಿತ ಗಣಿತ ಇದಕ್ಕಾದರೂ ಆಗಲಿ ಅಂತ ಗ್ರಾಫ್ ಹಾಳೆಯಲ್ಲಿ ಹಿತ್ತಿಲಿನ ನಕ್ಷೆ ಮಾಡಿದ್ದೇನೆ. ಒಂದು ಚೌಕ ಅಂದರೆ ಒಂದು ಅಡಿ. ಏನು ತೆಗೆಯಬೇಕು, ಏನು ನೆಡಬೇಕು, ಎಲ್ಲಿ ಸಿಮೆಂಟ್ ಹಾಕಿಸಬೇಕು, ಗುರುತು ಮಾಡಿ ಕಳಿಸಿ.

ನವ್ಯಾ ಆರಾಮ ಇದ್ದಾಳೆ. ಒಂದು ಕಡೆ ಕೂರುವವಳಲ್ಲ.

ಅಮಿತಾ


ಮುಂಬಯಿ
3-11-1998

ಅಮಿತಾ ಹೆಣೆ,

ಗಡಿಯಾರ ಓಡ್ತಾ ಇತ್ತಾ, ನಿಂತಿತ್ತಾ ಅಂತ ಮೊದಲು ಬರೆ. ಅಂಗಡಿಯವನು ಹತ್ತು ವರ್ಷ ಅಂದಿದ್ದ.

ನಕ್ಷೆ ನೋಡಿದೆ. ನಮ್ಮ ಬಾಗಿಗೆ, ಇಲ್ಲಿ ಗಾರ್ಡನ್ನಿಗೆ ಹಾಗೇ ಅನ್ನುವುದು, ಇಂಜಿನಿಯರ್ ಸಾಬ್ ಮಾಡಿದ್ದಕ್ಕಿಂತ ಚೆಂದ ಇತ್ತ್. ಬಾವಿ, ಐದು ತೆಂಗು, ತುಳಸಿಕಟ್ಟೆ, ಒಗೆಯುವ ಕಲ್ಲು, ಬಸಳೆ ಚಪ್ಪರ, ನಿನ್ನ ಅತ್ತೆಯ ಕಣಗಿಲೆ, ಗೇರು ಮರ, ಒಂದೂ ತಪ್ಪಿಲ್ಲ. ಮಗು ಎಲ್ಲಿ?

ತಮಾಷೆ ಅಲ್ಲ ಮಾರಾಯ್ತಿ. ತೋಟ ಯಾರಿಗೋ ಅವರನ್ನು ಬಿಟ್ಟು ನೀನು ಎಲ್ಲ ಬರೆದಿದ್ದಿ. ಒಂದು ಕೆಲಸ ಮಾಡು. ಇದೇ ಥರ ಇನ್ನೊಂದು ಹಾಳೆ ಮಾಡಿ ಜಗಲಿಯಲ್ಲಿ ಕೂತುಕೋ. ಅವಳ ಹಿಂದೆ ಓಡಬೇಡ. ಎಲ್ಲಿಂದ ಎಲ್ಲಿಗೆ ಹೋಗುತ್ತಾಳೆ, ಎಲ್ಲಿ ನಿಲ್ಲುತ್ತಾಳೆ, ಪೆನ್ಸಿಲ್ಲಿನಲ್ಲಿ ಗೆರೆ ಎಳೆ. ಒಂದು ವಾರ. ಬಾಯಿ ಮುಚ್ಚಿಕೊಂಡು. ಅದು ನಿನಗೆ ಕಷ್ಟ, ಗೊತ್ತಿತ್ತ್.

ಅಷ್ಟರೊಳಗೆ ಬಾವಿಗೆ ಕಬ್ಬಿಣದ ಜಾಳಿಗೆ ಮುಚ್ಚಳ ಮಾಡಿಸು. ಕಣಗಿಲೆ ತೆಗೆ. ತೆಂಗಿನ ಬುಡದಲ್ಲಿ ಆಟ ಬೇಡ, ಜೋಕಾಲಿ ಗೇರು ಮರಕ್ಕೆ ಕಟ್ಟು. ಉಳಿದ ಕಡೆ ಲಾನ್ ಹುಲ್ಲು ಹಾಕಬಹುದು ಅಂತ ಕಾಣ್ತದೆ. ಸಿಮೆಂಟ್ ಮಾತ್ರ ಬೇಡ. ಇಲ್ಲಿ ಮಕ್ಕಳು ಬೀಳುವಲ್ಲಿ ಹಾಕಲಿಕ್ಕೆ ಮರಳು ಹೊಯ್ಗೆಯನ್ನು ಲಾರಿಯಲ್ಲಿ ತರಿಸುತ್ತಾರೆ. ನೀನು ಹೊಯ್ಗೆಯ ಮೇಲೇ ಮನೆ ಕಟ್ಟಿ ಸಿಮೆಂಟ್ ಕೇಳ್ತಿ!

ಉಮಾನಾಥ


ಬೀಜಾಡಿ
24-11-1998

ಮಾವ,

ಗಡಿಯಾರ ಓಡುತ್ತಿದೆ. ಹತ್ತು ನಿಮಿಷ ಮುಂದೆ, ನನ್ನ ಹಾಗೆ.

ಹಾಳೆ ಇದರೊಳಗೆ ಇದೆ. ಏಳು ದಿನಕ್ಕೆ ಏಳು ಬಣ್ಣ. ಎಷ್ಟು ವಿಚಿತ್ರ ಗೊತ್ತಾ? ಮಗಳನ್ನು ನಾನು ಕಣ್ಣು ಮುಚ್ಚದೆ ನೋಡುತ್ತಿದ್ದೇನೆ ಅಂದುಕೊಂಡಿದ್ದೆ. ನೋಡುತ್ತಿದ್ದದ್ದು ಬಾವಿಯನ್ನು, ತೆಂಗಿನ ಕಾಯಿಯನ್ನು, ಬೇಲಿಯನ್ನು. ಸಮುದ್ರದ ಕಡೆ ಓಡುತ್ತಾಳೆ ಅಂತ ಹೆದರಿ ಸತ್ತೆನಲ್ಲ, ಏಳು ದಿನದಲ್ಲಿ ಒಂದು ಸಲವೂ ಆ ಬೇಲಿಯ ಹತ್ತಿರ ಹೋಗಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಸಲ ಹೋದದ್ದು ಬಸಳೆ ಚಪ್ಪರದ ಕೆಳಗೆ. ಅಲ್ಲಿ ಕೂತು ಬಸಳೆಯ ಕಪ್ಪು ಹಣ್ಣು ಹಿಸುಕಿ ಅಂಗೈ ಕೆಂಪು ಮಾಡಿಕೊಳ್ಳುತ್ತಾಳೆ. ಒಂದೊಂದು ಹಣ್ಣಿಗೂ ಏನೋ ಹೇಳುತ್ತಾಳೆ. ಏನು ಅಂತ ಜಗಲಿಗೆ ಕೇಳುವುದಿಲ್ಲ.

ಇನ್ನೊಂದು ವಿಷಯ. ಬಾಣದ ಗುರುತು ನೋಡಿ. ತುಳಸಿಕಟ್ಟೆಗೆ ಯಾವಾಗ ಸುತ್ತು ಬಂದರೂ ಪ್ರದಕ್ಷಿಣೆಯೇ, ಕಟ್ಟೆ ಬಲಕ್ಕೇ. ಒಂದು ಸಲವೂ ತಪ್ಪಿಲ್ಲ. ಯಾರೂ ಕಲಿಸಿದ್ದಲ್ಲ. ಅತ್ತೆಯ ಸಂತೋಷ ಕೇಳಬೇಡಿ. ಪಕ್ಕದ ಮನೆ ವನಜಕ್ಕನನ್ನು ಕರೆದು ತೋರಿಸಿದರು. “ಕಾಣ್ ವನಜ, ಮೂರ್ ವರ್ಷ ಆಯ್ಲಿಲ್ಲೆ. ಇದ್ ಹೇಳ್ಕೊಟ್ಟ್ ಬಪ್ದಾ?” ಮಗು ಸುತ್ತುವಾಗ ಮೋರೆ ಒಂಚೂರು ಎಡಕ್ಕೆ ತಿರುಗಿಸಿ ಓರೆ ನೋಡುತ್ತಾಳೆ, ಅದು ವನಜಕ್ಕನಿಗೆ ಇನ್ನೂ ಚೆಂದ ಕಂಡಿತು.

ಕಣಗಿಲೆ ಕಡಿಸಿದ್ದಕ್ಕೆ ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ, “ನನ್ ಮೂರ್ ಮಕ್ಳೂ ಹಳೆ ಮನಿ ಕಣಗಿಲೆ ಬುಡದಗೇ ಬೆಳದ್ದ್. ಒಂದಾರೂ ಸತ್ತಿತಾ?” ಅಂದರು. ಈ ಪ್ರದಕ್ಷಿಣೆಯಿಂದ ನಮ್ಮಿಬ್ಬರಲ್ಲಿ ರಾಜಿಯಾಗಿದೆ.

ಮೊನ್ನೆ ಒಂದು ಸಲ ಬಿದ್ದಳು. ಅಷ್ಟೆ.

ಅಮಿತಾ


ಮುಂಬಯಿ
10-12-1998

ಅಮಿತಾ,

ಹಾಳೆಯನ್ನು ಡ್ಯೂಟಿಗೆ ತೆಗೆದುಕೊಂಡು ಹೋಗಿ ಎರಡು ದಿನ ನೋಡಿದೆ. ಕೇಳ್ತೇನೆ, ಸಿಟ್ಟು ಮಾಡಬೇಡ.

ತುಳಸಿಗೆ ಪ್ರದಕ್ಷಿಣೆ ಸರಿ. ಒಗೆಯುವ ಕಲ್ಲಿಗೂ ಪ್ರದಕ್ಷಿಣೆಯಾ? ನಿನ್ನ ಬಾಣವೇ ಹೇಳುತ್ತದೆ. ಬಾವಿಗೂ ಹಾಗೇ, ತೆಂಗಿಗೂ ಹಾಗೇ, ಸೌದೆ ರಾಶಿಗೂ ಹಾಗೇ. ಎಲ್ಲವನ್ನೂ ಬಲಕ್ಕೆ ಇಟ್ಟುಕೊಂಡೇ ಸುತ್ತುತ್ತಾಳೆ. ಸೌದೆ ರಾಶಿಯಲ್ಲಿ ಯಾವ ದೇವರು?

ಎರಡನೆಯದು. ಒಂದು ಸಲ ಬಿದ್ದಳು ಅಂತ ಬರೆದಿದ್ದಿ. ಹಾಳೆಯಲ್ಲಿ ಒಂಬತ್ತು ಕಡೆ ಗೆರೆ ಫಕ್ಕನೆ ನಿಂತು, ರಬ್ಬರಿನಲ್ಲಿ ಉಜ್ಜಿ, ಮನೆ ಕಡೆ ತಿರುಗಿದೆ. ಅಲ್ಲೆಲ್ಲ ನೀನು ಓಡಿ ಹೋಗಿ ಎತ್ತಿದ್ದಲ್ಲವಾ?

ಮೂರನೆಯದು. ಪೆಟ್ಟಾಗುವುದು ಯಾವ ಬದಿಗೆ? ಅದನ್ನು ಮಾತ್ರ ಬೇಗ ಬರೆ.

ಉಮಾನಾಥ


ಬೀಜಾಡಿ
2-1-1999

ಮಾವ,

ಹೌದು, ಬೀಳುತ್ತಾಳೆ. ದಿನಾ ಬೀಳುತ್ತಾಳೆ. ಯಾರು ಬರೆದರು ನಿಮಗೆ? ಅಮ್ಮನಾ? ಅತ್ತೆಯ ಬಾಯಿಂದ ವನಜಕ್ಕನಿಗೆ, ಅಲ್ಲಿಂದ ಬ್ರಹ್ಮಾವರಕ್ಕೆ, ಬಸ್ಸಿಗಿಂತ ಬೇಗ ಹೋಗುತ್ತದೆ ಸುದ್ದಿ. “ಓದಿದ್ ಹೆಣ್, ಒಂದ್ ಮಕ್ಳನ್ ಕಂಡ್ಕಂಬುಕೆ ಆತಿಲ್ಲೆ” ಅಂತ ಅತ್ತೆ ಅಂದದ್ದು ನನ್ನ ಕಿವಿಗೂ ಬಿದ್ದಿದೆ.

ನೋಡಿಕೊಳ್ಳದೆ ಬಿಟ್ಟಿದ್ದೇನಾ? ಕಲ್ಲು ಹೆಕ್ಕಿಸಿದೆ. ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದೆ. ಸೌದೆ ರಾಶಿ ತೆಗೆಸಿದೆ. ಗೋರಟೆ, ದಾಸವಾಳ, ಮುಳ್ಳಿದ್ದದ್ದು, ಇಲ್ಲದ್ದು, ಎಲ್ಲ ಹೋಯಿತು. ಹಿತ್ತಿಲು ಈಗ ಬೋಳು. ಆದರೂ ಬೀಳುತ್ತಾಳೆ, ಅಷ್ಟು ಬಯಲಿದ್ದರೂ ತೆಂಗಿನ ಮರಕ್ಕೇ ಹೋಗಿ ಹೊಡೆದುಕೊಳ್ಳುತ್ತಾಳೆ. ನಿಮ್ಮ ಲಾನ್ ಹುಲ್ಲು ಇಪ್ಪತ್ತು ದಿನಕ್ಕೆ ಕೆಂಪಾಗಿ ಸತ್ತಿತು. ಉಪ್ಪು ಗಾಳಿಗೆ ಅದು ನಿಲ್ಲುವುದಿಲ್ಲ ಅಂತ ಕೋಟೇಶ್ವರದ ನರ್ಸರಿಯವನು ನಕ್ಕ. ಅಷ್ಟು ವರ್ಷ ಗಾರ್ಡನ್ನಿನಲ್ಲಿದ್ದವರಿಗೆ ಅದು ಗೊತ್ತಿರಬೇಡವಾ?

ಪೆಟ್ಟು ಎಡಕ್ಕೆ. ಎಡ ಹಣೆ, ಎಡ ಮೊಣಕೈ, ಎಡ ಮೊಣಕಾಲು. ಎಡಗಡೆ ಮೆಟ್ಟಿಲಿತ್ತು, ಅದಕ್ಕೆ. ಮೆಟ್ಟಿಲು ತೆಗೆದ ಮೇಲೂ ಎಡಕ್ಕೇ ಯಾಕೆ ಅಂತ ಕೇಳಬೇಡಿ.

ನಾನು ಕೇಳಿದ್ದು ತೋಟದ ವಿಷಯ. ದಯವಿಟ್ಟು ನಿಮ್ಮ ಕೆಲಸದ ವಿಷಯ ಮಾತ್ರ ಬರೆಯಿರಿ.

ಅಮಿತಾ


ಮುಂಬಯಿ
11-1-1999

ಅಮಿತಾ,

ಯಾರೂ ಬರೆಯಲಿಲ್ಲ. ನಿನ್ನ ರಬ್ಬರು ಹೇಳಿತು.

ನನ್ನ ಕೆಲಸದ ವಿಷಯವೇ ಬರೆಯುತ್ತೇನೆ. ನಾನು ಸೂಪರ್‌ವೈಜರ್ ಅಲ್ಲ. ಬಾಗಿನ ಗೇಟಿನ ಹತ್ತಿರ ಸ್ಟೂಲಿನಲ್ಲಿ ಕೂರುವ ವಾಚ್‌ಮನ್. ಇಪ್ಪತ್ತೆರಡು ವರ್ಷವಾಯಿತು. ಮೊದಲ ಸಲ ಊರಿಗೆ ಬಂದಾಗ ಇಸ್ತ್ರಿ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು. ನಿನ್ನ ಅಮ್ಮ ಜಲಜಕ್ಕ ಯಾರ ಹತ್ತಿರವೋ ಸೂಪರ್‌ವೈಜರ್ ಅಂದಳು. ನಾನು ಅಲ್ಲ ಅನ್ನಲಿಲ್ಲ. ಆಮೇಲೆ ಅನ್ನುವ ಹೊತ್ತೇ ಬರಲಿಲ್ಲ. ನಿನ್ನ ಗಿಡದ ಪ್ರಶ್ನೆಗಳನ್ನು ಇಲ್ಲಿಯ ಮಾಲಿಗೆ ಕೇಳಿ ಬರೆದೆ. ಅವನು ಸಾತಾರದವನು, ಸಮುದ್ರದ ಹೊಯ್ಗೆ ಅವನಿಗೆ ಗೊತ್ತಿಲ್ಲ. ಹುಲ್ಲು ಸತ್ತದ್ದು ನನ್ನ ತಪ್ಪು.

ಆದರೆ ಮಕ್ಕಳು ಬೀಳುವುದು ನನಗೆ ಗೊತ್ತಿತ್ತ್. ಎತ್ತಿದವನು ನಾನು. ಆಡುವ ಮಗು ಮುಂದೆ ಬೀಳುತ್ತದೆ, ಹಿಂದೆ ಬೀಳುತ್ತದೆ, ಎರಡೂ ಬದಿಗೆ ಬೀಳುತ್ತದೆ. ಒಂದೇ ಬದಿಗೆ ಹೊಡೆದುಕೊಳ್ಳುವ ಮಗುವನ್ನು ಇಷ್ಟು ವರ್ಷದಲ್ಲಿ ಒಂದೇ ನೋಡಿದ್ದೆ. ನಾಲ್ಕು ವರ್ಷದ ಹುಡುಗಿ. ಕಂಬವನ್ನು ಯಾವಾಗಲೂ ಒಂದೇ ಕಡೆಯಿಂದ ಸುತ್ತುತ್ತಿದ್ದಳು. ಅವಳ ತಾಯಿಗೆ ಹೇಳಿದೆ, “ಮೇಡಂ, ಇವಳ ಕಣ್ಣು ತೋರಿಸಿ.” “ವಾಚ್‌ಮನ್ ವಾಚ್‌ಮನ್ ಕೆಲಸ ನೋಡಲಿ” ಅಂದಳು. ನಾನು ಸ್ಟೂಲಿಗೆ ವಾಪಸು ಹೋದೆ. ಒಂಬತ್ತು ವರ್ಷಕ್ಕೆ ಶಾಲೆಯಲ್ಲಿ ಗೊತ್ತಾಯಿತಂತೆ, ಒಂದು ಕಣ್ಣು ಕೆಲಸ ಮಾಡುತ್ತಿಲ್ಲ ಅಂತ. ಸಣ್ಣದಿರುವಾಗ ತಂದಿದ್ದರೆ ಸರಿ ಮಾಡಬಹುದಿತ್ತು ಅಂದರಂತೆ ಡಾಕ್ಟರು. ಆ ತಾಯಿಯೇ ಬಂದು ನನಗೆ ಹೇಳಿದಳು.

ಕಣ್ಣಾಮುಚ್ಚಾಲೆಯ ಹಾಗೆ ಮಾಡು. ಮುಂದೆ ಒಂದು ಲಾಡು ಇಡು. ಹಿಂದಿನಿಂದ ಅಂಗೈಯಲ್ಲಿ ಅವಳ ಎಡಗಣ್ಣು ಮುಚ್ಚು. ಆಮೇಲೆ ಬಲಗಣ್ಣು ಮುಚ್ಚು. ಯಾವಾಗ ಕೈ ತಳ್ಳುತ್ತಾಳೆ ನೋಡು.

ವಾಚ್‌ಮನ್ ಮಾತು ಕೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಜಲಜಕ್ಕನಿಗೆ ನನ್ನ ವಿಷಯ ಹೇಳುವುದಾದರೆ ಹೇಳು. ಮಗುವಿನ ಕಣ್ಣು ಮೊದಲು.

ಉಮಾನಾಥ


ಬೀಜಾಡಿ
22-2-1999

ಮಾವ,

ನಿಮ್ಮ ಕಾಗದವನ್ನು ಓದಿ ಮಡಚಿ ಅಕ್ಕಿ ಡಬ್ಬಿಯ ತಳದಲ್ಲಿ ಇಟ್ಟೆ. ಹದಿನಾಲ್ಕು ದಿನ. ಪ್ರತಿ ದಿನ ಅಕ್ಕಿ ಅಳೆಯುವಾಗ ಕೈಗೆ ತಾಗುತ್ತಿತ್ತು. ಮೊದಲು ನಿಮ್ಮ ಮೇಲೆ ಸಿಟ್ಟು, ಸುಳ್ಳು ಹೇಳಿದರು ಅಂತ. ಸುಳ್ಳು ಹೇಳಿದವರು ಈಗ ಮಾತ್ರ ಯಾಕೆ ನಿಜ ಹೇಳಬೇಕು ಅಂತ ಯೋಚನೆ ಬಂದದ್ದು ಹದಿನೈದನೆಯ ದಿನ. ನಿಮಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ.

ಲಾಡು ಇಟ್ಟೆ. ಎಡಗಣ್ಣು ಮುಚ್ಚಿದೆ. ಏನೂ ಆಗದವಳ ಹಾಗೆ ಲಾಡು ತೆಗೆದು ತಿಂದಳು. ಇನ್ನೊಂದು ಇಟ್ಟು ಬಲಗಣ್ಣು ಮುಚ್ಚಿದೆ. ಕಿರುಚಿದಳು ಮಾವ. ನನ್ನ ಕೈಗೆ ಉಗುರು ಹಾಕಿ, “ದೀಪ ಹಾಕ್, ಅಮ್ಮ, ದೀಪ ಹಾಕ್” ಅಂದಳು. ಮಧ್ಯಾಹ್ನ ಹನ್ನೆರಡು ಗಂಟೆ.

ಉಡುಪಿಗೆ ಹೋದೆವು. ಎಡಗಣ್ಣಿನ ಪವರ್ ತುಂಬಾ ಹೆಚ್ಚುಕಡಿಮೆ ಇದೆ, ಮಸುಕು ಕಾಣುವ ಕಣ್ಣು ಯಾಕೆ ಅಂತ ಮೆದುಳು ಅದನ್ನು ಬಿಟ್ಟೇಬಿಟ್ಟಿದೆ ಅಂದರು. ಕನ್ನಡಕ ಹಾಕಬೇಕು. ದಿನಕ್ಕೆ ನಾಲ್ಕು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ಎಡಗಣ್ಣಿನಲ್ಲೇ ಆಡಿಸಬೇಕು. “ಬೇಗ ತಂದಿದ್ದೀರಿ, ಯಾರು ಹೇಳಿದ್ದು?” ಅಂತ ಕೇಳಿದರು. ನನ್ನ ಸೋದರಮಾವ ಅಂದೆ. ಡಾಕ್ಟರಾ ಅಂದರು. ಅಲ್ಲ ಅಂದೆ.

ಪಟ್ಟಿಯನ್ನು ಐದು ನಿಮಿಷ ಇಟ್ಟುಕೊಳ್ಳುವುದಿಲ್ಲ. ಕಿತ್ತು ಬಿಸಾಡುತ್ತಾಳೆ, ಕಿತ್ತ ಕಡೆ ಚರ್ಮ ಕೆಂಪಾಗಿದೆ. ಅವಳ ತಪ್ಪಲ್ಲ, ಆ ಕಣ್ಣಿನಲ್ಲಿ ನೋಡಲಿಕ್ಕೆ ನಾನು ಹಿತ್ತಿಲಿನಲ್ಲಿ ಏನು ಬಿಟ್ಟಿದ್ದೇನೆ? ಬೋಳು ಹೊಯ್ಗೆ. ಮೊದಲು ಬೀಳಬಾರದು ಅಂತ ತೋಟ ಕೇಳಿದೆ. ಈಗ ಬೇರೆ ತೋಟ ಕೇಳುತ್ತೇನೆ. ಅವಳು ಪಟ್ಟಿ ಇದ್ದದ್ದನ್ನೇ ಮರೆಯುವಂಥದ್ದು. ಮಾಲಿಗೆ ಕೇಳಬೇಡಿ, ನೀವೇ ಹೇಳಿ.

ಅಮ್ಮನಿಗೆ ನಿಮ್ಮ ವಿಷಯ ಹೇಳಿಲ್ಲ. ಹೇಳಿದರೆ ನೀವೇ ಹೇಳಬೇಕು.

ಅಮಿತಾ


ಮುಂಬಯಿ
8-3-1999

ಅಮಿತಾ ಹೆಣೆ,

ಕಾಗದವನ್ನು ಗೇಟಿನಲ್ಲೇ ಓದಿದೆ. ಬಾಗ್ ಮುಚ್ಚುವ ಹೊತ್ತಾದರೂ ಮುಚ್ಚಲಿಲ್ಲ, ಜನ ಇನ್ನೂ ಸ್ವಲ್ಪ ಹೊತ್ತು ಕೂತರು. ಕೂರಲಿ.

ಈಗ ಕೇಳು. ಗಿಡದ ಹೆಸರು ನನಗೆ ಬೇಡ, ಅದು ನಿನ್ನ ಅತ್ತೆಗೆ ಗೊತ್ತಿತ್ತ್. ಮಕ್ಕಳಿಗೆ ಏನು ಬೇಕು ಅಂತ ಮಾತ್ರ ಹೇಳ್ತೇನೆ. ಮಕ್ಕಳು ಜಾರುಬಂಡೆಗೆ ಬರುತ್ತಾರೆ, ಆದರೆ ಹೆಚ್ಚು ಹೊತ್ತು ನಿಲ್ಲುವುದು ನಲ್ಲಿ ಸೋರಿ ಕೆಸರಾದಲ್ಲಿ. ಹುಡುಕಲಿಕ್ಕೆ ಏನಾದರೂ ಇದ್ದರೆ ಮನೆ ಮರೆಯುತ್ತಾರೆ.

ಬೀಜಾಡಿಯಲ್ಲಿ ಚಿಪ್ಪಿಗೆ ಬರವಾ? ಬಿಳಿ ಚಿಪ್ಪು ತಂದು ದಾರಿಯ ಎರಡೂ ಅಂಚಿಗೆ ಹಾಕು. ಮಸುಕು ಕಣ್ಣಿಗೂ ಬಿಳಿ ಕಾಣುತ್ತದೆ, ಕಾಲಿಟ್ಟರೆ ಕರಕರ ಅನ್ನುತ್ತದೆ. ಹರಿತ ಇದ್ದದ್ದು ಹೆಕ್ಕಿ ಬಿಸಾಡು. ತೆಂಗಿನ ಬುಡಕ್ಕೆ ಅವಳ ಎತ್ತರದವರೆಗೆ ಸುಣ್ಣ ಬಳಿ. ಕಾಯಿ ಮೂರು ತಿಂಗಳಿಗೊಮ್ಮೆ ತೆಗೆಸು. ದಾರಿ ನೆಟ್ಟಗೆ ಬೇಡ, ಬಸಳೆ ಚಪ್ಪರದ ಕೆಳಗಿಂದ ಸುತ್ತಿ ಬರಲಿ. ದೊಡ್ಡ ಹೂವು, ದೊಡ್ಡ ಎಲೆ, ಕೆಂಪು ಹಳದಿ. ಎಲ್ಲದರ ಕೆಳಗೆ ದಿನಾ ಏನಾದರೂ ಅಡಗಿಸಿಡು. ಹುಣಸೆಬೀಜ, ಗೆಜ್ಜೆ ಸರಿ, ಬಳೆ ಚೂರು ಬೇಡ.

ಮತ್ತೆ ಒಂದು ಕಡೆ ಬೀಳಲಿಕ್ಕೇ ಅಂತ ಜಾಗ ಬಿಡು. ಹೊಯ್ಗೆ ಗುಡ್ಡೆ ಮಾಡು. ಅಲ್ಲಿ ಬಿದ್ದರೆ ನೀನು ಏಳುವ ಹಾಗಿಲ್ಲ. ಇದು ವಾಚ್‌ಮನ್ನನ ಆರ್ಡರ್.

ಉಮಾನಾಥ


ಬೀಜಾಡಿ
30-5-1999

ಮಾವ,

ಮಳೆ ಹಿಡಿಯುವ ಮೊದಲು ಬರೆದು ಮುಗಿಸಬೇಕು ಅಂತ ಕೂತಿದ್ದೇನೆ.

ನೀವು ಹೇಳಿದ್ದೆಲ್ಲ ಮಾಡಿದೆ. ಅತ್ತೆಗೆ ಡಾಕ್ಟರ ಮಾತು ಹೇಳಿದ ದಿನ ಅವರು ಊಟ ಮಾಡಲಿಲ್ಲ. “ನಾನ್ ಎಲ್ಲರ್ನೂ ಕರ್ದ್ ಕರ್ದ್ ತೋರ್ಸಿದೆ ಅಲ್ದಾ” ಅಂತ ಒಂದೇ ಮಾತು. ಮರುದಿನ ವನಜಕ್ಕನ ಜೊತೆ ಬೀಚಿಗೆ ಹೋಗಿ ಎರಡು ಬುಟ್ಟಿ ಚಿಪ್ಪು ತಂದರು. ದಾಸವಾಳ, ಗೊಂಡೆ, ದೊಡ್ಡ ಎಲೆಯ ಕೇನೆ ಎಲ್ಲ ಅವರೇ ನೆಟ್ಟದ್ದು. ಅಡಗಿಸಿಡುವ ಕೆಲಸವೂ ಅವರದ್ದೇ. ಏನು ಎಲ್ಲಿಟ್ಟಿದ್ದಾರೆ ಅಂತ ನನಗೂ ಹೇಳುವುದಿಲ್ಲ. ಮೊದಲ ದಿನ ಪಟ್ಟಿ ಹತ್ತು ನಿಮಿಷ ಉಳಿಯಿತು, ಒಂದು ವಾರಕ್ಕೆ ಅರ್ಧ ಗಂಟೆ. ಈಗ ಬೆಳಿಗ್ಗೆ ಅವಳೇ ತಂದು “ಅಂಟ್ಸ್” ಅನ್ನುತ್ತಾಳೆ, ಅಂಟಿಸದೆ ಹುಡುಕುವ ಆಟ ಇಲ್ಲ ಅಂತ ಅಜ್ಜಿಯ ಕಾನೂನು.

ಹೊಯ್ಗೆ ಗುಡ್ಡೆಯಲ್ಲಿ ಬೀಳುತ್ತಾಳೆ. ಜಗಲಿಯ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತೇನೆ. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ.

ಈಗ ನಿನ್ನೆಯ ಸುದ್ದಿ. ನಾನು ಒಳಗೆ ದೋಸೆ ಹೊಯ್ಯುತ್ತಿದ್ದೆ. ಹಿತ್ತಿಲಿನಿಂದ ಅತ್ತೆ, “ಹ್ವಾಯ್ ಅಮಿತಾ! ಬಾ, ಬಾ, ಮಗು ಉಲ್ಟಾ ಸುತ್ತತ್!” ಅಂತ ಕೂಗಿದರು. ಓಡಿದೆ. ಪಟ್ಟಿ ಹಾಕಿಕೊಂಡ ನವ್ಯಾ ತುಳಸಿಕಟ್ಟೆಯನ್ನು ಎಡಕ್ಕೆ ಇಟ್ಟುಕೊಂಡು ಸುತ್ತುತ್ತಿದ್ದಾಳೆ. ಅಪ್ರದಕ್ಷಿಣೆ. ಒಂದು, ಎರಡು, ಮೂರು. ಕಟ್ಟೆಯ ಅಂಚಿಗೆ ಒಂದು ಸಲವೂ ತಾಗಲಿಲ್ಲ. ಮೊದಲ ವಾರಗಳಲ್ಲಿ ಕೈ ಮುಂದೆ ಚಾಚಿ ತಡವುತ್ತಿದ್ದವಳು. ನಿನ್ನೆ ಎರಡೂ ಕೈ ಬೆನ್ನ ಹಿಂದೆ.

ಸಾವಿನ ಮನೆಯಲ್ಲಿ ಮಾತ್ರ ಸುತ್ತುವ ಸುತ್ತು ಅದು. ಅತ್ತೆ ಹಣೆಗೆ ಕೈ ಹೊಡೆದುಕೊಂಡು ತಡೆಯಲು ಹೊರಟವರು ಅರ್ಧದಲ್ಲಿ ನಿಂತರು. ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ. ಆಗ ಅವರಿಗೆ ಅರ್ಥವಾಯಿತು, ಎಡಗಣ್ಣು ಕಟ್ಟೆಯನ್ನು ನೋಡುತ್ತಿದೆ. ತಡೆಯಲಿಲ್ಲ. ಮಗು ಐದು ಸುತ್ತು ಮುಗಿಸುವ ತನಕ ಕೈಮುಗಿದುಕೊಂಡು ನಿಂತರು. ಆಮೇಲೆ ಕೈ ಹಿಡಿದು ಕರೆದುಕೊಂಡು ಹೋಗಿ, “ಇಲ್ ಸುತ್ತ್ ಮಗಾ, ಇದಕ್ ಎಷ್ಟ್ ಉಲ್ಟಾ ಸುತ್ತಿರೂ ಅಡ್ಡಿಲ್ಲೆ” ಅಂತ ಒಗೆಯುವ ಕಲ್ಲು ತೋರಿಸಿದರು. ತುಳಸಿಯ ಹತ್ತಿರ ಏನೋ ಮೆಲ್ಲಗೆ ಹೇಳಿ ಬಂದರು, ನನಗೆ ಕೇಳಲಿಲ್ಲ. ರಾಜಿ ಮಾತೇ ಇರಬೇಕು.

ಮೊನ್ನೆ ಉಡುಪಿಯ ಡಾಕ್ಟರು ಚಾರ್ಟಿನ ಚಿತ್ರ ತೋರಿಸಿದಾಗ ಎಡಗಣ್ಣಿನಲ್ಲಿ ಮೂರು ಸಾಲು ಕೆಳಗೆ ಹೋದಳು. ಇನ್ನೂ ವರ್ಷಗಟ್ಟಲೆ ಇದೆಯಂತೆ. ಇರಲಿ.

ಅಮಿತಾ


ಬೀಜಾಡಿ
9-4-2003

ಉಮಾನಾಥ ಅಜ್ಜಯ್ಯನಿಗೆ ನವ್ಯಾ ಮಾಡುವ ನಮಸ್ಕಾರಗಳು.

ನಾನು ಎರಡನೇ ಕ್ಲಾಸ್ ಪಾಸ್. ಈಗ ರಜೆ. ಬರೆಯುವಾಗ ಓದುವಾಗ ಒಂದು ಗಂಟೆ ಪಟ್ಟಿ ಹಾಕಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಅದಕ್ಕೆ ಅಮ್ಮ ನಿಮಗೆ ಕಾಗದ ಬರಿ ಅಂದಳು. ನೀವು ಬೊಂಬಾಯಿಯಲ್ಲಿ ಮಕ್ಕಳ ಬಾಗಿಗೆ ವಾಚ್‌ಮನ್ ಅಂತ ಬ್ರಹ್ಮಾವರದ ಅಜ್ಜಿ ಎಲ್ಲರಿಗೂ ಹೇಳ್ತಾಳೆ, ನೀವು ಕಳೆದ ಸಲ ಬಂದಾಗ ಹೇಳಿದ್ದಂತೆ. ನನ್ನ ಫ್ರೆಂಡ್ ಸುಜನ್ ಒಬ್ಬ ವಾಚ್‌ಮನ್‌ಗೆ ಎಷ್ಟು ಜಾರುಬಂಡೆ ಇರ್ತದೆ ಅಂತ ಕೇಳಿದ. ಬರೆಯಿರಿ.

ನಮ್ಮ ಹಿತ್ತಿಲಲ್ಲಿ ಒಂದು ಕೇರೆ ಹಾವು ಬಂದಿತ್ತು. ಮೊದಲು ಕಂಡದ್ದು ನಾನು. ಅಮ್ಮ ಕಿರುಚಿದಳು, ಅಜ್ಜಿ ಕಿರುಚಿದಳು, ಹಾವು ಹೆದರಿ ಹೋಯಿತು. ಅದು ಎಲ್ಲಿಗೆ ಹೋಯಿತು ಅಂತ ನನಗೆ ಗೊತ್ತುಂಟು, ಯಾರಿಗೂ ಹೇಳಲಿಲ್ಲ.

ಈ ಕಾಗದ ಪೂರ್ತಿ ಎಡಗಣ್ಣಲ್ಲಿ ಬರೆದದ್ದು. ಸಾಲು ಓರೆ ಹೋದದ್ದು ಕಣ್ಣಿನಿಂದ ಅಲ್ಲ. ನಾನು ಗೇರು ಮರದ ಮೇಲೆ ಕೂತಿದ್ದೇನೆ.

ನವ್ಯಾ